ಎಚ್‌ಐವಿ ಜೊತೆ ಬದುಕುವವರಿಗೆ ಆಪ್ತಸಮಾಲೋಚನೆ, ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ರಿಪೋರ್ಟ್ ಕೈಗೆ ಬಂದ ದಿನ ಮಾತ್ರೆಯ ಬಗ್ಗೆ ಕೇಳುವವರು ಕಡಿಮೆ. "ಮನೆಯಲ್ಲಿ ಹೇಗೆ ಹೇಳಲಿ?", "ಊರಲ್ಲಿ ಗೊತ್ತಾದ್ರೆ ಏನು ಗತಿ?" ಎಂದೇ ಕೇಳುತ್ತಾರೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಸರ್ಕಾರಿ ಎಆರ್‌ಟಿ ಮಾತ್ರೆ 2004ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಉಚಿತ. ಕೂತು ಮಾತಾಡಲು ಒಬ್ಬ ಮನುಷ್ಯ ಸಿಗುವುದು ಮಾತ್ರ ಇವತ್ತಿಗೂ ಕಷ್ಟ. ಹಾಗಂತ ಸಿಗುವುದೇ ಇಲ್ಲ ಎಂದಲ್ಲ. ಕರ್ನಾಟಕದಲ್ಲಿ ದುಡ್ಡಿಲ್ಲದೆ, ಅಥವಾ ತೀರಾ ಕಡಿಮೆ ದುಡ್ಡಿಗೆ ಎಲ್ಲಿ ಯಾವ ನೆರವು ಸಿಗುತ್ತದೆ, ಅಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಇದು ಡಾಕ್ಟರ ಸಲಹೆಗೆ ಬದಲಿಯಲ್ಲ.

ಇವತ್ತೇ ಪಾಸಿಟಿವ್ ಅಂತ ಗೊತ್ತಾಯ್ತು. ಈಗ ಏನು ಮಾಡಲಿ?

ದೊಡ್ಡ ನಿರ್ಧಾರ ಯಾವುದನ್ನೂ ಇವತ್ತು ಮಾಡಬೇಡಿ. ಕೆಲಸ ಬಿಡುವುದು, ಮದುವೆ ಮುರಿಯುವುದು, ಇಡೀ ಮನೆಮಂದಿಯನ್ನು ಕೂರಿಸಿ ಹೇಳುವುದು, ಇವೆಲ್ಲ ಸ್ವಲ್ಪ ದಿನ ಕಾಯಲಿ.

ಖಾಸಗಿ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿದ್ದರೆ ಹತ್ತಿರದ ಸರ್ಕಾರಿ ಐಸಿಟಿಸಿ ಕೇಂದ್ರಕ್ಕೆ (ಎಚ್‌ಐವಿ ಪರೀಕ್ಷೆ, ಸಮಾಲೋಚನೆ ಎರಡೂ ಮಾಡುವ ಜಾಗ) ಹೋಗಿ ಖಚಿತ ಮಾಡಿಕೊಳ್ಳಿ. ಅಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಪರೀಕ್ಷಿಸಿ, ಆಮೇಲೆಯೇ ಪಾಸಿಟಿವ್ ಎಂದು ಬರೆಯುತ್ತಾರೆ. ಖಚಿತವಾದರೆ ಅಲ್ಲಿಂದಲೇ ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತಾರೆ. ಮೊದಲೆಲ್ಲ ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ) ಇಳಿಯುವ ತನಕ ಕಾಯಿಸುತ್ತಿದ್ದರು. 2017ರಿಂದ ಹಾಗಿಲ್ಲ. ಸಿಡಿ4 ಎಷ್ಟೇ ಇರಲಿ, ಚಿಕಿತ್ಸೆ ಶುರು.

ರಾತ್ರಿ ನಿದ್ದೆ ಬರದೆ ಒದ್ದಾಡುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ. ಎಚ್‌ಐವಿ ಬಗ್ಗೆಯೇ ಕೇಳಬೇಕಿದ್ದರೆ 1097. ಎರಡಕ್ಕೂ ದುಡ್ಡು ಕಟ್ಟಬೇಕಿಲ್ಲ. ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಿದ್ದರೆ ಒಬ್ಬರೇ ಇರಬೇಡಿ. ನಂಬಿಕಸ್ಥರೊಬ್ಬರನ್ನು ಕರೆಸಿಕೊಳ್ಳಿ. ಕಾರಣ ಹೇಳಲೇಬೇಕೆಂದಿಲ್ಲ, "ನನ್ ಜೊತೆ ಸ್ವಲ್ಪ ಹೊತ್ತು ಇರು" ಅಂದರೆ ಸಾಕು. ಯಾರೂ ಸಿಗದಿದ್ದರೆ 112ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ.

ಆಪ್ತಸಮಾಲೋಚನೆ ಅಂದ್ರೆ ಬುದ್ಧಿ ಹೇಳೋದು ಅಲ್ವಾ? ನನಗೆ ಬುದ್ಧಿ ಬೇಕಿಲ್ಲ.

ಬುದ್ಧಿ ಹೇಳುವವರು ಮನೆಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಒಳ್ಳೆಯ ಸಮಾಲೋಚಕರ ಕೆಲಸ ಬೇರೆ. "ಹೇಗೆ ಬಂತು?" ಎಂದು ಕೆದಕಿ ತಪ್ಪು ಹುಡುಕುವುದಿಲ್ಲ. ನಿಮಗೆ ಏನು ಗೊತ್ತಿದೆ, ಯಾವುದಕ್ಕೆ ಹೆದರಿದ್ದೀರಿ, ಮನೆಯಲ್ಲಿ ಯಾರಿದ್ದಾರೆ, ಊಟ ನಿದ್ದೆ ಹೇಗಿದೆ ಎಂದು ಕೇಳುತ್ತಾರೆ. ಮಾತ್ರೆ ಎಷ್ಟು ಹೊತ್ತಿಗೆ ತಗೊಂಡರೆ ನಿಮ್ಮ ಕೆಲಸಕ್ಕೆ ಹೊಂದುತ್ತದೆ ಎಂದು ಜೊತೆಗೇ ಕೂತು ಲೆಕ್ಕ ಹಾಕುತ್ತಾರೆ. ರಾತ್ರಿ ಪಾಳಿಯ ಸೆಕ್ಯುರಿಟಿ ಗಾರ್ಡ್‌ಗೂ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸಿಗೂ ಒಂದೇ ಸಲಹೆ ಹೊಂದುವುದಿಲ್ಲ ಅಲ್ವಾ?

ಎಲ್ಲರೂ ಹೀಗೇ ಇರುತ್ತಾರೆ ಎಂದು ಹೇಳಲಾರೆ. ಸರ್ಕಾರಿ ಕೇಂದ್ರಗಳಲ್ಲಿ ಜನ ಜಾಸ್ತಿ, ಸಮಯ ಕಡಿಮೆ. ಹೊರಗೆ ಸಾಲು ಇದ್ದಾಗ ಒಳಗಿನ ಮಾತು ಚುಟುಕಾಗುತ್ತದೆ. ಒಂದು ಉಪಾಯ ಇದೆ. "ನನಗೆ ಜಾಸ್ತಿ ಮಾತಾಡ್ಬೇಕು, ಯಾವ ದಿನ ಯಾವ ಹೊತ್ತು ಬಂದ್ರೆ ನಿಮಗೆ ಬಿಡುವು?" ಎಂದು ನೇರವಾಗಿ ಕೇಳಿ. ಬಹಳಷ್ಟು ಸಮಾಲೋಚಕರು ಮಧ್ಯಾಹ್ನದ ಹೊತ್ತು ಹೇಳುತ್ತಾರೆ. ಕೇಳಬೇಕಾದ್ದನ್ನು ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಇನ್ನೊಂದು ಮಾತು. ಸಮಾಲೋಚನೆ ಪರೀಕ್ಷೆಯ ದಿನಕ್ಕೆ ಮುಗಿಯುವುದಿಲ್ಲ. ಮದುವೆಯ ಮಾತು ಬಂದಾಗ, ಬಸಿರಾದಾಗ, ಕೆಲಸ ಬದಲಾದಾಗ, ಮಾತ್ರೆ ಬೇಸರ ಬಂದಾಗ ಮತ್ತೆ ಹೋಗಬಹುದು. ಐದು ವರ್ಷದ ಮೇಲೆ ಹೋದರೂ "ಈಗ್ಯಾಕೆ ಬಂದ್ರಿ" ಎಂದು ಯಾರೂ ಕೇಳುವ ಹಾಗಿಲ್ಲ.

ಎಷ್ಟು ಖರ್ಚಾಗುತ್ತೆ?

ಐಸಿಟಿಸಿಯಲ್ಲಿ ಪರೀಕ್ಷೆ, ಸಮಾಲೋಚನೆ ಎರಡೂ ಉಚಿತ. ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ, ಸಿಡಿ4, ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆ), ಸಮಾಲೋಚನೆ ಎಲ್ಲ ಉಚಿತ. ಕೇರ್ ಅಂಡ್ ಸಪೋರ್ಟ್ ಸೆಂಟರ್‌ಗಳಲ್ಲೂ (ಇವು ಏನೆಂದು ಮುಂದೆ ಹೇಳುತ್ತೇನೆ) ಶುಲ್ಕ ಇಲ್ಲ. ಯಾರಾದರೂ "ಫೈಲ್ ಮಾಡಿಸೋಕೆ" ಎಂದು ಕೈಯೊಡ್ಡಿದರೆ ಕೊಡಬೇಡಿ, ಆಸ್ಪತ್ರೆಯ ಮೇಲಧಿಕಾರಿಗೆ ಅಥವಾ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕಕ್ಕೆ ತಿಳಿಸಿ.

ನಿಜವಾದ ಖರ್ಚು ಬೇರೆ ಕಡೆ ಇದೆ. ಬಸ್ ಚಾರ್ಜು, ಆ ದಿನದ ಕೂಲಿ, ಹೊರಗಿನ ಊಟ. ರಾಜ್ಯದ ಸಾರಿಗೆ ಬಸ್ಸುಗಳಲ್ಲಿ 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಈ ವಿಷಯದಲ್ಲಿ ಹೆಂಗಸರಿಗೆ ದೊಡ್ಡ ಉಪಕಾರ ಮಾಡಿದೆ. ದೂರದ ಎಆರ್‌ಟಿ ಕೇಂದ್ರಕ್ಕೆ ಹೋಗುವ ಚಾರ್ಜಿಗೆ ಗಂಡನ ಹತ್ತಿರವೋ ಮಗನ ಹತ್ತಿರವೋ ಕೈಚಾಚಿ, "ಯಾಕೆ" ಎಂದು ಅವರು ಕೇಳಿ, ಅದಕ್ಕೊಂದು ಸುಳ್ಳು ಹೇಳುವುದು ತಪ್ಪಿತು. ರೈಲಿನಲ್ಲಾದರೆ ಎಆರ್‌ಟಿ ಕೇಂದ್ರಕ್ಕೆ ಚಿಕಿತ್ಸೆಗೆ ಹೋಗುವವರಿಗೆ ಎರಡನೇ ದರ್ಜೆಯಲ್ಲಿ ಅರ್ಧ ದರದ ರಿಯಾಯಿತಿ ಇದೆ. ಆದರೆ ಅದಕ್ಕೆ ಪ್ರಮಾಣಪತ್ರವನ್ನು ಕೌಂಟರಿನಲ್ಲಿ ತೋರಿಸಬೇಕು. ಅದಕ್ಕೇ ಹಿಂಜರಿದು ಪೂರ್ತಿ ಟಿಕೆಟ್ ತೆಗೆದುಕೊಳ್ಳುವವರಿದ್ದಾರೆ. ಅವರನ್ನು ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಪದೇ ಪದೇ ಓಡಾಡುವುದು ಕಷ್ಟವಾದರೆ, ಹತ್ತಿರದಲ್ಲೇ ಮಾತ್ರೆ ಕೊಡುವ ಲಿಂಕ್ ಎಆರ್‌ಟಿ ಕೇಂದ್ರ ಎಲ್ಲಿದೆ ಕೇಳಿ. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇದೆ. ಆರೋಗ್ಯ ಸ್ಥಿರವಾಗಿರುವವರಿಗೆ ಒಮ್ಮೆಗೇ ಮೂರು ತಿಂಗಳ ಮಾತ್ರೆ ಕೊಡುವ ಪದ್ಧತಿಯೂ ಇದೆ.

ಎಲ್ಲೆಲ್ಲಿ ಹೋಗಬಹುದು?

ಮೊದಲ ಬಾಗಿಲು ಐಸಿಟಿಸಿ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ಇರುತ್ತದೆ. ಚೀಟಿ ಕೌಂಟರ್‌ನಲ್ಲಿ ಕೇಳಲು ಮುಜುಗರವಾದರೆ 1097ಕ್ಕೆ ಫೋನ್ ಮಾಡಿ ಹತ್ತಿರದ್ದು ಯಾವುದು ಎಂದು ತಿಳಿದುಕೊಂಡೇ ಹೋಗಿ.

ಎರಡನೆಯದು ಎಆರ್‌ಟಿ ಕೇಂದ್ರ. ಬೆಂಗಳೂರಿನ ಬೌರಿಂಗ್, ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್, ಮಂಗಳೂರಿನ ವೆನ್‌ಲಾಕ್ ಎಲ್ಲರಿಗೂ ಗೊತ್ತಿರುವ ಹೆಸರುಗಳು. ಎಲ್ಲ ಜಿಲ್ಲೆಗಳಲ್ಲೂ ಇವೆ. ಇಲ್ಲಿ ಡಾಕ್ಟರ್ ಜೊತೆಗೆ ಸಮಾಲೋಚಕರು ಇರುತ್ತಾರೆ. ಎಷ್ಟೋ ಕಡೆ ಸ್ವತಃ ಎಚ್‌ಐವಿ ಜೊತೆ ಬದುಕುತ್ತಿರುವವರೊಬ್ಬರು ಸಂಯೋಜಕರಾಗಿ ಕೂತಿರುತ್ತಾರೆ. ಅವರನ್ನು ಹುಡುಕಿ ಮಾತಾಡಿಸಿ. ಡಾಕ್ಟರಿಗೆ ಕೇಳಲಾಗದ್ದನ್ನು ಅವರಿಗೆ ಕೇಳಬಹುದು.

ಮೂರನೆಯದು ಕೇರ್ ಅಂಡ್ ಸಪೋರ್ಟ್ ಸೆಂಟರ್. ಇದರ ಬಗ್ಗೆ ಜನರಿಗೆ ಗೊತ್ತಿರುವುದು ಬಹಳ ಕಮ್ಮಿ. 2013ರಿಂದ ವಿಹಾನ್ ಎಂಬ ಕಾರ್ಯಕ್ರಮದಲ್ಲಿ ಇವು ಶುರುವಾದವು. ಹಲವನ್ನು ಪಾಸಿಟಿವ್ ಜನರ ಜಾಲಗಳೇ ನಡೆಸುತ್ತವೆ. ಮಾತ್ರೆ ನಿಲ್ಲಿಸಿದವರನ್ನು ಮತ್ತೆ ಕರೆತರುವುದು, ನೀವು ಒಪ್ಪಿದರೆ ಮನೆಗೆ ಬಂದು ಮಾತಾಡುವುದು, ಗುಂಪಿನ ಸಭೆ ನಡೆಸುವುದು, ಪಿಂಚಣಿ ಪಡಿತರದ ಅರ್ಜಿ ಬರೆದುಕೊಡುವುದು ಇವರ ಕೆಲಸ. ನಿಮ್ಮ ಎಆರ್‌ಟಿ ಕೇಂದ್ರದಲ್ಲೇ ಇದರ ವಿಳಾಸ ಕೇಳಿ.

ಇನ್ನು ಸಂಸ್ಥೆಗಳು. ಸರ್ಕಾರ ಉಚಿತ ಮಾತ್ರೆ ಕೊಡುವ ಎಷ್ಟೋ ವರ್ಷ ಮೊದಲೇ, 1990ರ ದಶಕದಲ್ಲೇ ಬೆಂಗಳೂರಿನಲ್ಲಿ ಸಂರಕ್ಷಾ, ಫ್ರೀಡಂ ಫೌಂಡೇಶನ್, ಸ್ನೇಹದಾನ್, ಆಶಾ ಫೌಂಡೇಶನ್ ಕೆಲಸ ಶುರು ಮಾಡಿದ್ದವು. ಮೈಸೂರಿನಲ್ಲಿ ಆಶಾಕಿರಣ ಆಸ್ಪತ್ರೆ ಇದೆ. ಹೆಂಗಸರಿಗೆ, ಕುಟುಂಬಗಳಿಗೆ ಬೆಂಗಳೂರಿನ ಮಿಲನ ಇದೆ. ರಾಜ್ಯಮಟ್ಟದಲ್ಲಿ ಪಾಸಿಟಿವ್ ಜನರ ಜಾಲ ಕೆಎನ್‌ಪಿ ಪ್ಲಸ್. ಅನುದಾನ ಬಂದಂತೆ ಹೋದಂತೆ ಇಂಥ ಸಂಸ್ಥೆಗಳ ಸೇವೆಗಳೂ ಬದಲಾಗುತ್ತವೆ. ಹಾಗಾಗಿ ಸುಮ್ನೆ ಬಸ್ಸು ಹತ್ತಬೇಡಿ, ಮೊದಲು ಫೋನ್ ಮಾಡಿ ವಿಚಾರಿಸಿ.

ಆ ಆಸ್ಪತ್ರೆಯಲ್ಲಿ ನಮ್ಮೂರಿನವರೇ ಕೆಲಸ ಮಾಡ್ತಾರೆ. ಗುಟ್ಟು ಉಳಿಯುತ್ತಾ?

ಹಳ್ಳಿ ಕಡೆ ಇದು ಸಣ್ಣ ಪ್ರಶ್ನೆಯಲ್ಲ. ಅತ್ತೆಯ ತವರಿನವರು ಲ್ಯಾಬ್‌ನಲ್ಲಿ, ಪಕ್ಕದ ಮನೆಯ ಹುಡುಗ ಫಾರ್ಮಸಿಯಲ್ಲಿ.

ಕಾನೂನು ನಿಮ್ಮ ಕಡೆ ಇದೆ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ನಿಮ್ಮ ಒಪ್ಪಿಗೆ ಇಲ್ಲದೆ ಫಲಿತಾಂಶ ಇನ್ನೊಬ್ಬರಿಗೆ ಹೇಳುವಂತಿಲ್ಲ. ಕೋರ್ಟಿಗೆ ಹೋಗುವ ಸಂದರ್ಭ ಬಂದರೂ ಬೇರೆ ಹೆಸರಿನಲ್ಲಿ ಕೇಸು ನಡೆಸಲು ಕೇಳಿಕೊಳ್ಳಬಹುದು.

ಆದರೂ ಕಾನೂನು ಇರುವುದು ಒಂದು, ಕಾರಿಡಾರಿನಲ್ಲಿ ಯಾರಾದರೂ ನೋಡುವುದು ಇನ್ನೊಂದು. ಪಕ್ಕದ ತಾಲ್ಲೂಕಿನ ಅಥವಾ ಬೇರೆ ಜಿಲ್ಲೆಯ ಕೇಂದ್ರಕ್ಕೆ ಹೋಗುವ ಹಕ್ಕು ನಿಮಗಿದೆ. ಬಾಗಲಕೋಟೆಯವರು ಹುಬ್ಬಳ್ಳಿಗೆ ಹೋದರೂ ಮಾತ್ರೆ ಅದೇ. ದೂರ ಹೋದರೆ ಗುಟ್ಟು ಉಳಿಯುತ್ತದೆ, ಆದರೆ ಮಾತ್ರೆ ತಪ್ಪುವ ಸಾಧ್ಯತೆ ಹೆಚ್ಚುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷ ಮನಸ್ಸಿಗೆ ಧೈರ್ಯ ಬರುವ ತನಕ ದೂರ ಹೋಗಿ, ಆಮೇಲೆ ಹತ್ತಿರಕ್ಕೆ ವರ್ಗ ಮಾಡಿಸಿಕೊಳ್ಳಿ. ಹೀಗೆ ಮಾಡಿದವರು ಬಹಳ ಜನ.

ಮಾತ್ರೆ ಡಬ್ಬಿಯ ಚೀಟಿ ಕಿತ್ತು ಬೇರೆ ಡಬ್ಬಿಗೆ ಹಾಕುವವರಿದ್ದಾರೆ. ಬೇಕಿದ್ದರೆ ಹಾಗೇ ಮಾಡಿ. ಡಬ್ಬಿ ಒಣಗಿರಲಿ, ಬಿಗಿಯಾಗಿ ಮುಚ್ಚುವಂತಿರಲಿ, ಮಕ್ಕಳ ಕೈಗೆ ಸಿಗದಿರಲಿ.

ಗಂಡನಿಗೆ ಅಥವಾ ಹೆಂಡತಿಗೆ ಹೇಳಲೇಬೇಕಾ?

ಹೇಳುವುದು ಒಳ್ಳೆಯದು. ಅವರೂ ಪರೀಕ್ಷೆ ಮಾಡಿಸಬೇಕು, ಬೇಕಿದ್ದರೆ ಚಿಕಿತ್ಸೆ ಶುರು ಮಾಡಬೇಕು. ಸಂಗಾತಿಗೆ ಹರಡದಂತೆ ಎಚ್ಚರ ವಹಿಸುವುದು ಕಾಯ್ದೆಯ ಪ್ರಕಾರ ನಿಮ್ಮ ಹೊಣೆಯೂ ಹೌದು. ಆದರೆ ಯಾವಾಗ, ಎಲ್ಲಿ, ಯಾರ ಮುಂದೆ ಎಂಬುದು ಬಹಳ ಮುಖ್ಯ.

ಸಮಾಲೋಚಕರ ಕೋಣೆ ಇದಕ್ಕೆ ಒಳ್ಳೆಯ ಜಾಗ. "ಇಬ್ಬರೂ ಬನ್ನಿ, ಒಟ್ಟಿಗೆ ಪರೀಕ್ಷೆ ಮಾಡಿಸೋಣ" ಎಂದು ಅವರೇ ಕರೆಯಬಹುದು. ಆಗ ಯಾರಿಂದ ಯಾರಿಗೆ ಎಂಬ ಜಗಳ ಸ್ವಲ್ಪ ಮಟ್ಟಿಗೆ ತಪ್ಪುತ್ತದೆ. ಈ ಜಗಳದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಮೊದಲು ಗೊತ್ತಾಗುವುದು ಬಸಿರಿನ ಪರೀಕ್ಷೆಯಲ್ಲಿ. ಹೆಂಡತಿಯ ರಿಪೋರ್ಟ್ ಮೊದಲು ಬಂತು ಎಂಬ ಒಂದೇ ಕಾರಣಕ್ಕೆ ಅವಳಿಂದಲೇ ಬಂತು ಎಂದು ಮನೆಯವರು ತೀರ್ಮಾನ ಮಾಡಿಬಿಡುತ್ತಾರೆ. ಯಾರಿಗೆ ಮೊದಲು ಬಂತು ಎಂದು ಈ ಪರೀಕ್ಷೆ ಹೇಳುವುದೇ ಇಲ್ಲ. ಯಾರನ್ನು ಮೊದಲು ಪರೀಕ್ಷಿಸಿದರು ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ.

ನೀವು ಹೇಳದೇ ಇದ್ದರೆ, ಸಂಗಾತಿಗೆ ನಿಜವಾದ ಅಪಾಯ ಇದೆ ಎನಿಸಿದರೆ, ಡಾಕ್ಟರ್ ಅಥವಾ ಸಮಾಲೋಚಕರು ಸಂಗಾತಿಗೆ ತಿಳಿಸಲು ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ನೀವೇ ಹೇಳುವಂತೆ ಮೊದಲು ನಿಮ್ಮ ಜೊತೆ ಸಮಾಲೋಚನೆ ಮಾಡಬೇಕು, ತಾವು ತಿಳಿಸುವುದಾಗಿ ನಿಮಗೆ ಮುಂಚೆ ಹೇಳಬೇಕು, ಮುಖಾಮುಖಿಯಾಗಿಯೇ ತಿಳಿಸಬೇಕು. ತಿಳಿಸಿದರೆ ಹೊಡೆತ, ಮನೆಯಿಂದ ಹೊರಹಾಕುವ ಭಯ ಇದ್ದರೆ, ಮುಖ್ಯವಾಗಿ ಹೆಂಗಸರ ವಿಷಯದಲ್ಲಿ, ತಿಳಿಸುವಂತಿಲ್ಲ. ಮನೆಯಲ್ಲಿ ಅಂಥ ಭಯ ಇದೆಯೆಂದರೆ ಮೊದಲ ದಿನವೇ ಸಮಾಲೋಚಕರಿಗೆ ಬಾಯಿಬಿಟ್ಟು ಹೇಳಿ.

ಅಪ್ಪ, ಅಮ್ಮ, ಅಣ್ಣ, ಮಾಲೀಕ, ಗೆಳೆಯ ಇವರಿಗೆ ಹೇಳುವುದು ಪೂರ್ತಿ ನಿಮ್ಮಿಷ್ಟ.

ಮಾತ್ರೆ ತಗೊಂಡ್ರೆ ಬೇರೆಯವರಿಗೆ ಹರಡಲ್ಲ ಅಂತಾರೆ. ನಿಜಾನಾ?

ನಿಜ. ಸರಿಯಾಗಿ ಮಾತ್ರೆ ನುಂಗುತ್ತಾ ಬಂದರೆ ರಕ್ತದಲ್ಲಿ ವೈರಸ್ ಎಷ್ಟು ಇಳಿಯುತ್ತದೆಂದರೆ ಪರೀಕ್ಷೆಗೇ ಸಿಗುವುದಿಲ್ಲ. ಸಾಮಾನ್ಯವಾಗಿ ಇದಕ್ಕೆ ಆರು ತಿಂಗಳು ಹಿಡಿಯುತ್ತದೆ. ಆ ಮಟ್ಟದಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್‌ಐವಿ ದಾಟುವುದಿಲ್ಲ. ಸಾವಿರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ ವಿಜ್ಞಾನಿಗಳು ಒಪ್ಪಿಕೊಂಡ ಮಾತಿದು.

ಆದರೆ ವೈರಸ್ ಪೂರ್ತಿ ಹೋಯ್ತು ಎಂದಲ್ಲ. ಕೆರೆಗೆ ಹಾಕಿದ ತೂಬಿನ ಹಾಗೆ. ತೂಬು ಗಟ್ಟಿ ಇರುವ ತನಕ ನೀರು ಹರಿಯುವುದಿಲ್ಲ, ತೆಗೆದರೆ ಮತ್ತೆ ಹರಿಯುತ್ತದೆ. ಅದಕ್ಕೇ ವೈರಲ್ ಲೋಡ್ ಪರೀಕ್ಷೆ ತಪ್ಪಿಸಬೇಡಿ. ಚಿಕಿತ್ಸೆ ಶುರುವಾಗಿ ಆರು ತಿಂಗಳಾದಾಗ ಒಮ್ಮೆ, ವರ್ಷವಾದಾಗ ಒಮ್ಮೆ, ಆಮೇಲೆ ಪ್ರತಿ ವರ್ಷ ಒಮ್ಮೆ. ಬೇರೆ ಲೈಂಗಿಕ ರೋಗಗಳನ್ನು ಈ ಮಾತ್ರೆ ತಡೆಯಲ್ಲ, ಅದಕ್ಕೆ ಕಾಂಡೋಮ್ ಬೇಕು.

ಒಂದೇ ತಟ್ಟೆ, ಒಂದೇ ಟಾಯ್ಲೆಟ್, ಸೊಳ್ಳೆ?

ಯಾವುದರಿಂದಲೂ ಬರುವುದಿಲ್ಲ.

ಮಾತ್ರೆ ನುಂಗಿ ನುಂಗಿ ಬೇಸರ ಬಂದಿದೆ. ಸ್ವಲ್ಪ ದಿನ ಬಿಡಬಹುದಾ?

ಬೇಡ. ಬಿಟ್ಟು ಹಿಡಿದು ಮಾಡಿದರೆ ವೈರಸ್ ಆ ಔಷಧಿಗೆ ಬಗ್ಗದ ಹಾಗೆ ಆಗಬಹುದು. ಆಮೇಲೆ ಬೇರೆ ಔಷಧಿ, ಜಾಸ್ತಿ ಮಾತ್ರೆ.

ಬೇಸರ ಮಾತ್ರ ನಿಜ, ಅದಕ್ಕೆ ನಾಚಬೇಕಿಲ್ಲ. ಆದರೆ ಬೇಸರದ ಹಿಂದೆ ಬೇರೇನೋ ಇರುತ್ತದೆ. ಒಬ್ಬರಿಗೆ ನಿದ್ದೆ ಬರುತ್ತಿಲ್ಲ. ಒಬ್ಬರಿಗೆ ತೂಕ ಏರುತ್ತಿದೆ. ಒಬ್ಬರು ಅಣ್ಣನ ಮದುವೆಗೆ ಹೋಗಿ ನೆಂಟರ ನಡುವೆ ನುಂಗಲಾಗದೆ ನಾಲ್ಕು ದಿನ ಬಿಟ್ಟಿದ್ದಾರೆ, ಈಗ ಕೇಂದ್ರದಲ್ಲಿ ಬೈಯುತ್ತಾರೆಂದು ಹೋಗುತ್ತಲೇ ಇಲ್ಲ. ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ, ಮೂರು ಔಷಧಿ ಸೇರಿದ ದಿನಕ್ಕೆ ಒಂದೇ ಮಾತ್ರೆ. ಇದರಿಂದ ನಿದ್ದೆ ಕೆಡುತ್ತಿದ್ದರೆ ಬೆಳಿಗ್ಗೆ ನುಂಗಲು ಹೇಳುತ್ತಾರೆ. ಹಳೆಯ ಔಷಧಿಯನ್ನು ಮಲಗುವಾಗ ನುಂಗಬೇಕಿತ್ತು, ಅದೇ ರೂಢಿಯಲ್ಲಿ ಇದನ್ನೂ ರಾತ್ರಿ ನುಂಗಿ ಒದ್ದಾಡುವವರಿದ್ದಾರೆ. ಅಸಿಡಿಟಿ ಮಾತ್ರೆ, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಇದರ ಜೊತೆ ಒಟ್ಟಿಗೇ ನುಂಗಿದರೆ ಔಷಧಿ ಮೈಗೆ ಸರಿಯಾಗಿ ಹತ್ತದೆ ಹೋಗಬಹುದು. ಎಷ್ಟು ಗಂಟೆ ಅಂತರ ಇರಬೇಕು ಎಂದು ಕೇಳಿಕೊಳ್ಳಿ.

ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ನುಂಗಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಅದನ್ನೇ ನುಂಗಿ, ಎರಡು ಒಟ್ಟಿಗೆ ಬೇಡ. ತಿಂಗಳುಗಟ್ಟಲೆ ಬಿಟ್ಟಿದ್ದರೂ ಹೋಗಿ. ಬೈದರೆ ಬೈಯಲಿ, ಮಾತ್ರೆ ಕೊಟ್ಟೇ ಕೊಡುತ್ತಾರೆ.

ಗುಂಪಿನಲ್ಲಿ ಕೂತು ಮಾತಾಡೋದು ನನಗೆ ಆಗಲ್ಲ. ಅದರಿಂದ ಏನು ಉಪಯೋಗ?

ಮೊದಲ ಸಲ ಯಾರಿಗೂ ಆಗುವುದಿಲ್ಲ. ಸುಮ್ಮನೆ ಹಿಂದೆ ಕೂತು ಕೇಳಿಸಿಕೊಂಡು ಟೀ ಕುಡಿದು ಎದ್ದು ಬಂದರೂ ನಡೆಯುತ್ತದೆ.

ಡಾಕ್ಟರ್ "ಹೆದರಬೇಡಿ, ಮೂವತ್ತು ವರ್ಷ ಬದುಕುತ್ತೀರಿ" ಅಂದರೆ ಕಿವಿಗೆ ಬೀಳುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಪಕ್ಕದಲ್ಲಿ ಕೂತ ಹೆಂಗಸು "ನನಗೆ ಗೊತ್ತಾದಾಗ ಮಗಳು ಹೊಟ್ಟೆಯಲ್ಲಿದ್ದಳು, ಈಗ ಅವಳು ಪಿಯುಸಿ" ಅಂದರೆ ಅದು ಬೇರೆಯೇ. ಅವಳ ಮುಖದಲ್ಲಿ ಆರೋಗ್ಯ ಕಾಣುತ್ತದೆ, ಅವಳ ಬ್ಯಾಗಿನಲ್ಲಿ ನಿಮ್ಮದೇ ಮಾತ್ರೆ ಇರುತ್ತದೆ. ಇದನ್ನು ಯಾವ ಕರಪತ್ರವೂ ಕೊಡಲಾರದು. ಗಂಟೆಗೆ ಸಾವಿರಗಟ್ಟಲೆ ತೆಗೆದುಕೊಳ್ಳುವ ಖಾಸಗಿ ತಜ್ಞರಿಗಿಂತ ಹೊಸಬರಿಗೆ ಇಂಥ ಒಬ್ಬರೇ ಹೆಚ್ಚು ಉಪಯೋಗಕ್ಕೆ ಬರುತ್ತಾರೆ ಎನ್ನುವುದು ನನ್ನ ಗಟ್ಟಿ ನಂಬಿಕೆ. ತಜ್ಞರು ಬೇಕಾಗುವ ಸಂದರ್ಭ ಬೇರೆ, ಅದನ್ನು ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

ಗುಂಪಿನಲ್ಲಿ ಸಣ್ಣ ಸಣ್ಣ ವಿಷಯಗಳೇ ಜಾಸ್ತಿ ಸಿಗುವುದು. ಯಾವ ದಿನ ಕೇಂದ್ರದಲ್ಲಿ ಸಾಲು ಕಡಿಮೆ, ಯಾವ ಆಸ್ಪತ್ರೆಯ ದಂತವೈದ್ಯರು ಮುಖ ಸಿಂಡರಿಸದೆ ನೋಡುತ್ತಾರೆ, ಹೆಣ್ಣು ನೋಡಲು ಬಂದವರಿಗೆ ಏನು ಹೇಳಬೇಕು. ಸೋಂಕಿತರೇ ಒಬ್ಬರನ್ನೊಬ್ಬರು ಮದುವೆಯಾಗಲು ಸಂಬಂಧ ಹೊಂದಿಸಿಕೊಡುವ ಜಾಲಗಳೂ ಇವೆ.

ಎಚ್ಚರ ಒಂದೇ ಕಡೆ ಬೇಕು. ವಾಟ್ಸಾಪ್ ಗುಂಪಿಗೆ ಸೇರುವ ಮುಂಚೆ ಯಾರು ನಡೆಸುತ್ತಾರೆ, ನಿಮ್ಮ ನಂಬರ್ ಎಲ್ಲರಿಗೂ ಕಾಣುತ್ತದಾ ಎಂದು ನೋಡಿ. ಡಿಪಿಯಲ್ಲಿ ಮಕ್ಕಳ ಫೋಟೋ ಇದ್ದರೆ ತೆಗೆಯಿರಿ. ಸ್ಕ್ರೀನ್‌ಶಾಟ್ ತೆಗೆದು ಹಂಚಿದವರನ್ನು ಹೊರಹಾಕುವ ನಿಯಮ ಇಲ್ಲದ ಗುಂಪು ಬೇಡವೇ ಬೇಡ.

ಸಮಾಲೋಚಕರ ಹತ್ತಿರ ಹೋಗಿ ಬಂದೆ. ಆದರೂ ಮನಸ್ಸು ಮೇಲೇಳುತ್ತಿಲ್ಲ.

ಎರಡು ವಾರ ಕಳೆದರೂ ಊಟ ಸೇರುತ್ತಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಬೆಳಗಿನ ಜಾವ ಎಚ್ಚರವಾಗಿ ಅಳು ಬರುತ್ತದೆ ಎಂದಾದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಅದೂ ಸರ್ಕಾರಿಯಲ್ಲೇ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆಲ್ಲ ಮಾದರಿಯಾಗಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್‌ನವರ ಕೈಯಲ್ಲಿ. ಈಗ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಎಂದು ಕೇಳಿಕೊಳ್ಳಿ.

ಮನೋವೈದ್ಯರು ಮಾತ್ರೆ ಬರೆದರೆ, ನಿಮ್ಮ ಚಿಕಿತ್ಸೆಯ ವಿವರ ಇರುವ ಎಆರ್‌ಟಿ ಪುಸ್ತಕ ತೋರಿಸಿ. ಎರಡು ಔಷಧಿ ಒಂದಕ್ಕೊಂದು ಹೊಂದಬೇಕು. ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಕುಡಿತದ ವೇಷ ಹಾಕಿ ಬರುತ್ತದೆ. "ಕುಡಿದ ದಿನ ಮಾತ್ರೆ ನುಂಗಬಾರದು" ಎಂದುಕೊಂಡು ಮಾತ್ರೆ ಬಿಡುತ್ತಾರೆ. ಕುಡಿತ ಕೆಟ್ಟದ್ದು, ಆದರೆ ಕುಡಿದ ದಿನವೂ ಎಆರ್‌ಟಿ ಮಾತ್ರೆ ತಪ್ಪಿಸಬಾರದು.

ನಮಗೆ ಮಗು ಬೇಕು.

ಆಗಬಹುದು. ತಾಯಿ ಸರಿಯಾಗಿ ಮಾತ್ರೆ ತೆಗೆದುಕೊಂಡು ವೈರಲ್ ಲೋಡ್ ಇಳಿದಿದ್ದರೆ ಮಗುವಿಗೆ ದಾಟುವ ಸಾಧ್ಯತೆ ತೀರಾ ಕಡಿಮೆ. ಬಸಿರಾಗುವ ಮುಂಚೆಯೇ ಎಆರ್‌ಟಿ ಡಾಕ್ಟರಿಗೆ ಹೇಳಿ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಹುಟ್ಟಿದ ಕೂಡಲೇ ಮಗುವಿಗೆ ಔಷಧಿ ಹನಿ ಶುರು ಮಾಡುತ್ತಾರೆ. ಆರು ವಾರಕ್ಕೆ ಮೊದಲ ಪರೀಕ್ಷೆ, ಕೊನೆಯ ತೀರ್ಮಾನ ಹದಿನೆಂಟು ತಿಂಗಳಿಗೆ. ನಡುವಿನ ಪರೀಕ್ಷೆಗಳನ್ನು ತಪ್ಪಿಸಬೇಡಿ.

ಎದೆಹಾಲಿನ ಬಗ್ಗೆ ಅತ್ತೆ ಒಂದು, ನರ್ಸ್ ಒಂದು ಹೇಳುತ್ತಾರೆ. ತಾಯಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲ ಆರು ತಿಂಗಳು ಬರೀ ಎದೆಹಾಲು ಕೊಡಲು ಹೇಳುತ್ತಾರೆ. ಸ್ವಲ್ಪ ಎದೆಹಾಲು, ಸ್ವಲ್ಪ ಹಸುವಿನ ಹಾಲು ಎಂದು ಬೆರೆಸಬಾರದು. ಜೇನುತುಪ್ಪ, ಬಜೆ ನೆಕ್ಕಿಸುವುದೂ ಬೇಡ.

ಮಗುವಿಗೇ ಎಚ್‌ಐವಿ ಇದೆ. ಅವನಿಗೆ ಯಾವಾಗ ಹೇಳೋದು?

ಒಂದೇ ದಿನ ಹೇಳಿ ಮುಗಿಸುವ ವಿಷಯ ಇದಲ್ಲ. ಚಿಕ್ಕವನಿದ್ದಾಗ "ನಿನ್ನ ಮೈಗೆ ಶಕ್ತಿ ಬರೋಕೆ ಈ ಮಾತ್ರೆ" ಸಾಕು. ಶಾಲೆಗೆ ಹೋಗುವ ವಯಸ್ಸಿಗೆ ರಕ್ತದಲ್ಲಿ ಒಂದು ವೈರಸ್ ಇದೆ, ಮಾತ್ರೆ ಅದನ್ನು ಮಲಗಿಸಿ ಇಡುತ್ತದೆ ಎನ್ನಬಹುದು. ಹತ್ತು ಹನ್ನೆರಡರ ಹೊತ್ತಿಗೆ ಹೆಸರು ಹೇಳಬೇಕು. ನೀವು ಹೇಳದಿದ್ದರೆ ಅವನು ಮಾತ್ರೆಯ ಹೆಸರನ್ನು ಮೊಬೈಲ್‌ನಲ್ಲಿ ಹುಡುಕುತ್ತಾನೆ. ಹಾಗೆ ಒಬ್ಬನೇ ತಿಳಿದುಕೊಂಡ ಮಕ್ಕಳಿಗೆ ಅಪ್ಪ ಅಮ್ಮನ ಮೇಲೆ ಬರುವ ಸಿಟ್ಟು ಸುಲಭಕ್ಕೆ ಇಳಿಯುವುದಿಲ್ಲ. ಹದಿಹರೆಯದಲ್ಲಿ ಮಾತ್ರೆ ಬಿಸಾಡುವುದೂ ಆಗಲೇ. ಸಮಾಲೋಚಕರನ್ನು ಜೊತೆಗಿಟ್ಟುಕೊಂಡು ಹೇಳಿ. ಶಾಲೆಗೆ ತಿಳಿಸುವ ಕಡ್ಡಾಯ ಇಲ್ಲ. ಎಚ್‌ಐವಿ ಇದೆಯೆಂದು ಶಾಲೆ ಮಗುವನ್ನು ಹೊರಗಿಡುವಂತಿಲ್ಲ.

ಕೆಲಸದಿಂದ ತೆಗೆದರು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಲ್ಲ ಅಂದರು. ಏನು ಮಾಡಲಿ?

ಎರಡೂ ಕಾನೂನಿಗೆ ವಿರುದ್ಧ. ಕೆಲಸ, ಚಿಕಿತ್ಸೆ, ಶಾಲೆ, ಬಾಡಿಗೆ ಮನೆ ಯಾವುದರಲ್ಲೂ ಎಚ್‌ಐವಿ ಕಾರಣಕ್ಕೆ ಭೇದ ಮಾಡುವಂತಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆ ಕೇಳುವಂತಿಲ್ಲ. ನೂರು ಅಥವಾ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ, ಇಪ್ಪತ್ತು ಅಥವಾ ಹೆಚ್ಚು ಜನ ಇರುವ ಆಸ್ಪತ್ರೆಯಲ್ಲಿ ದೂರು ಕೇಳುವ ಅಧಿಕಾರಿ ಇರಬೇಕು. ಅದರ ಮೇಲೆ ಇಂಥ ದೂರು ವಿಚಾರಿಸುವ ರಾಜ್ಯದ ಓಂಬುಡ್ಸ್‌ಮನ್ ಇದ್ದಾರೆ.

ಕಾಗದದಲ್ಲಿ ಇದೆಲ್ಲ ಚೆನ್ನಾಗಿದೆ. ನಡೆಯುವುದು ಹೇಗೆಂದರೆ, ಯಾರೂ "ಎಚ್‌ಐವಿ ಇದೆ, ಆಪರೇಷನ್ ಮಾಡಲ್ಲ" ಎಂದು ಬರೆದುಕೊಡುವುದಿಲ್ಲ. "ಬೆಡ್ ಇಲ್ಲ, ದೊಡ್ಡಾಸ್ಪತ್ರೆಗೆ ಹೋಗಿ" ಎನ್ನುತ್ತಾರೆ. ಹಾಗಾಗಿ ದಿನಾಂಕ, ಹೊತ್ತು, ಯಾರು ಏನಂದರು ಎಂದು ಅವತ್ತೇ ಬರೆದಿಡಿ. ರೆಫರ್ ಚೀಟಿಯಲ್ಲಿ ಕಾರಣ ಬರೆಸಿ. ಪಾಸಿಟಿವ್ ಜಾಲದವರನ್ನು ಅಥವಾ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕದವರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಷ್ಟೋ ಸಲ ಅವರ ಒಂದು ಫೋನಿಗೇ ಬೆಡ್ ಸಿಗುತ್ತದೆ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ. ಫೋನ್ 15100.

ಹಣದ ನೆರವು ಇದೆಯಾ?

ಇದೆ, ಆದರೆ ತಾನಾಗಿ ಮನೆಗೆ ಬರುವುದಿಲ್ಲ. ಸೋಂಕಿತ ಹೆಂಗಸರಿಗೆ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ, ಲೈಂಗಿಕ ಕಾರ್ಯಕರ್ತೆಯರಿಗೆ ಚೇತನಾ, ಸೋಂಕಿತ ಮತ್ತು ಬಾಧಿತ ಮಕ್ಕಳಿಗೆ ವಿಶೇಷ ಪಾಲನಾ ಯೋಜನೆ. ಬಡ ಕುಟುಂಬಕ್ಕೆ ಅಂತ್ಯೋದಯ ಪಡಿತರ ಚೀಟಿಯಲ್ಲಿ ಆದ್ಯತೆ. ಆರೋಗ್ಯ ವಿಮೆ ಕಂಪನಿಗಳು ಎಚ್‌ಐವಿ ಇರುವವರಿಗೂ ಪಾಲಿಸಿ ಇಡಲೇಬೇಕೆಂದು ವಿಮಾ ನಿಯಂತ್ರಕರು 2023ರಲ್ಲಿ ಹೇಳಿದ್ದಾರೆ, ಕಂತು ಮಾತ್ರ ನೋಡಿಕೊಂಡು ತೆಗೆದುಕೊಳ್ಳಿ. ಅರ್ಜಿ ಎಲ್ಲರೆದುರು ಕೊಡಲು ಮುಜುಗರವಾದರೆ ಕೇರ್ ಅಂಡ್ ಸಪೋರ್ಟ್ ಸೆಂಟರ್ ಮೂಲಕ ಹಾಕಿ.

ನಾಟಿ ವೈದ್ಯರೊಬ್ಬರು ಪೂರ್ತಿ ವಾಸಿ ಮಾಡ್ತೀನಿ ಅಂದಿದ್ದಾರೆ.

ಮಾಡಲ್ಲ. ದುಡ್ಡು ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಅವರ ಮಾತಿಗೆ ಎಆರ್‌ಟಿ ನಿಲ್ಲಿಸಿದರೆ ಜೀವ ಹೋಗುತ್ತದೆ.

ನಿನ್ನೆ ಕಾಂಡೋಮ್ ಹರಿಯಿತು. ಸಂಗಾತಿಗೆ ಎಚ್‌ಐವಿ ಇರಬಹುದು ಎಂಬ ಭಯ.

ಇದನ್ನು ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಸೋಂಕು ಹಿಡಿಯದಂತೆ ತಡೆಯುವ ಪೆಪ್ ಎಂಬ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಅಷ್ಟು ಒಳ್ಳೆಯದು. 28 ದಿನ ನುಂಗಬೇಕು.

ನಾನು ಗೇ. ಸರ್ಕಾರಿ ಕೇಂದ್ರದಲ್ಲಿ ಹೇಗೆ ನೋಡುತ್ತಾರೋ ಎಂಬ ಭಯ.

ಭಯಕ್ಕೆ ಕಾರಣ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ದಾರಿಯೂ ಇದೆ. ಗೇ ಗಂಡಸರು, ಟ್ರಾನ್ಸ್‌ಜೆಂಡರ್ ಜನ, ಲೈಂಗಿಕ ಕಾರ್ಯಕರ್ತೆಯರು ಇವರಿಗಾಗಿಯೇ ಸಮುದಾಯದವರೇ ನಡೆಸುವ ಸಂಸ್ಥೆಗಳು ಜಿಲ್ಲೆಗಳಲ್ಲಿವೆ. ಮೈಸೂರಿನ ಆಶೋದಯ ಸಮಿತಿಯಂಥವು ಲೈಂಗಿಕ ಕಾರ್ಯಕರ್ತರೇ ಕಟ್ಟಿದ ಸಂಘಟನೆಗಳು. ಅಲ್ಲಿಂದ ಒಬ್ಬರು ನಿಮ್ಮ ಜೊತೆ ಎಆರ್‌ಟಿ ಕೇಂದ್ರಕ್ಕೆ ಬರುತ್ತಾರೆ. ಜೊತೆಗೆ ಒಬ್ಬರಿದ್ದರೆ ಕೌಂಟರಿನ ಮಾತಿನ ಧಾಟಿಯೇ ಬೇರೆ. ಉತ್ತರ ಕರ್ನಾಟಕದಲ್ಲಿ ದೇವದಾಸಿ ಪದ್ಧತಿಯಿಂದ ಬಂದ ಹೆಂಗಸರಿಗೂ ಇದೇ ಮಾತು. ಆ ಪದ್ಧತಿಯನ್ನು 1982ರಲ್ಲೇ ಕಾನೂನು ನಿಷೇಧಿಸಿದರೂ ಅದರ ನೋವು ಉಂಡವರಿಗೆ ಎಚ್‌ಐವಿ ಇನ್ನೊಂದು ಹೊರೆಯಾಗಿ ಬಂತು. ಅವರ ಸಂಘಗಳು ಗಟ್ಟಿಯಾಗಿವೆ, ಕೇಳಿಕೊಂಡು ಹೋಗಿ.

ಕೆಲಸಕ್ಕೆ ಮುಂಬೈ, ಗೋವಾ ಅಥವಾ ಗಲ್ಫ್‌ಗೆ ಹೋಗಬೇಕು. ಮಾತ್ರೆ ಏನು ಮಾಡಲಿ?

ದೇಶದೊಳಗಾದರೆ ಸುಲಭ. ಹೊರಡುವ ಮುಂಚೆ ನಿಮ್ಮ ಎಆರ್‌ಟಿ ಕೇಂದ್ರದಲ್ಲಿ ಟ್ರಾನ್ಸ್‌ಫರ್ ಬರೆಸಿಕೊಳ್ಳಿ. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ನಾಲ್ಕು ತಿಂಗಳು ಹೋಗಿ ಬರುವವರು ಪೂರ್ತಿ ವರ್ಗ ಮಾಡಿಸಬೇಕೆಂದಿಲ್ಲ, ಎಷ್ಟು ತಿಂಗಳ ಮಾತ್ರೆ ಮುಂಗಡ ಕೊಡಬಹುದು ಎಂದು ಕೇಳಿ. ಎಲ್ಲೋ ನಡುವೆ ಮಾತ್ರೆ ಮುಗಿದರೆ ಹತ್ತಿರದ ಯಾವುದೇ ಎಆರ್‌ಟಿ ಕೇಂದ್ರಕ್ಕೆ ಪುಸ್ತಕ ಹಿಡಿದು ಹೋಗಿ.

ಗಲ್ಫ್ ವಿಷಯ ಬೇರೆ. ಅಲ್ಲಿನ ಕೆಲಸದ ವೀಸಾಕ್ಕೆ ಮೆಡಿಕಲ್‌ನಲ್ಲಿ ಎಚ್‌ಐವಿ ಪರೀಕ್ಷೆ ಇರುತ್ತದೆ, ಪಾಸಿಟಿವ್ ಬಂದರೆ ಅನ್‌ಫಿಟ್ ಎಂದು ಬರೆಯುತ್ತಾರೆ. ಕರಾವಳಿ ಕಡೆಯ ಎಷ್ಟೋ ಹುಡುಗರಿಗೆ ತಮ್ಮ ಸೋಂಕು ಗೊತ್ತಾಗುವುದೇ ಹೀಗೆ, ಅದೂ ಸಾಲ ಮಾಡಿ ಏಜೆಂಟಿಗೆ ದುಡ್ಡು ಕೊಟ್ಟ ಮೇಲೆ. ದುಡ್ಡು ಕೊಡುವ ಮುಂಚೆ ಐಸಿಟಿಸಿಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಮೆಡಿಕಲ್‌ನಲ್ಲಿ ಫೇಲ್ ಆದ ಕಾಗದ ಈಗಾಗಲೇ ಕೈಯಲ್ಲಿದ್ದರೆ ಅದನ್ನೇ ತೆಗೆದುಕೊಂಡು ಐಸಿಟಿಸಿಗೆ ಹೋಗಿ, ಅಲ್ಲಿಂದ ಮುಂದಿನ ದಾರಿ ಎಲ್ಲರಿಗೂ ಒಂದೇ.